ಯಾವ ಬುಗ್ಗೆ ಮೊದಲು? ನವೀಕರಿಸಬಹುದಾದ ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿಯವರಿಗೆ ನಮಸ್ಕಾರ.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಧಾರವಾಡದಿಂದ ಗೆದ್ದು ಹೋದವರು, ಓದುತ್ತೀರಿ ಅನ್ನುವ ಧೈರ್ಯ. ವಿಷಯ ಮಾತ್ರ ಕರ್ನಾಟಕದ್ದಲ್ಲ. ಲಡಾಖ್, ಹಿಮಾಚಲ, ಛತ್ತೀಸಗಢ, ಗುಜರಾತ್, ಅರುಣಾಚಲದ್ದು. ನೆಲದೊಳಗಿನ ಬಿಸಿಯನ್ನು ಬಳಸುವ ಕೆಲಸವನ್ನು ನಮ್ಮ ದೇಶ ಯಾವ ಊರಿಂದ ಶುರು ಮಾಡಬೇಕು ಅನ್ನುವುದು.

2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಸಚಿವಾಲಯ ಜಿಯೋಥರ್ಮಲ್, ಅಂದರೆ ಭೂಶಾಖದ ಶಕ್ತಿಗೆಂದೇ ಒಂದು ರಾಷ್ಟ್ರೀಯ ನೀತಿ ಹೊರಡಿಸಿತು. ಬರೀ ಕರೆಂಟಿನ ಮಾತಾಡದೆ, ಬಿಸಿಯನ್ನು ಬಿಸಿಯಾಗಿಯೇ ಬಳಸುವುದನ್ನೂ ಹಳೆಯ ಎಣ್ಣೆ ಬಾವಿಗಳಿಗೆ ಮರುಜೀವ ಕೊಡುವುದನ್ನೂ ಅದರಲ್ಲಿ ಸೇರಿಸಿದ್ದೀರಿ. ಅದು ನನಗೆ ತುಂಬಾ ಹಿಡಿಸಿತು. ಜಿಎಸ್‌ಐ, ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ದೇಶದಲ್ಲಿ 381 ಬಿಸಿನೀರಿನ ತಾಣಗಳನ್ನು ಗುರುತಿಸಿದೆ. ಅವರ ಜಿಯೋಥರ್ಮಲ್ ಅಟ್ಲಾಸ್ 2022ರಲ್ಲಿ ಬಂದಾಗ ಗಣಿ ಖಾತೆ ನಿಮ್ಮ ಕೈಯಲ್ಲೇ ಇತ್ತು. ಹಾಗಾಗಿ ಈ ಲೆಕ್ಕ ನಿಮಗೆ ಹೊಸದಲ್ಲ. ಇಡೀ ದೇಶಕ್ಕೆ ಸುಮಾರು 10,600 ಮೆಗಾವ್ಯಾಟ್ ಸಿಗಬಹುದು ಅನ್ನುವ ಅಂದಾಜು ಎಲ್ಲ ಭಾಷಣಗಳಲ್ಲೂ ಬರುತ್ತದೆ. ಅದರ ಎದುರು ಇವತ್ತು ನೆಲದ ಮೇಲೆ ನಿಂತಿರುವುದೇನು? ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿಯವರು ಮಾಡಿದ 20 ಕಿಲೋವ್ಯಾಟ್‌ನಂಥ ಪುಟ್ಟ ಪ್ರಯೋಗಗಳು. ಕಲ್ಲಿದ್ದಲು ಹುಡುಕಿ ಕೊರೆದ ಬೋರಿನಲ್ಲಿ ಬಿಸಿನೀರು ಬಂತು, ಸರಿ, ಅದನ್ನೇ ಬಳಸಿದರು. ಐದು ಎಚ್‌ಪಿಯ ಐದು ಪಂಪ್‌ಸೆಟ್ ಓಡಿಸುವಷ್ಟು ಕರೆಂಟು, ಅಷ್ಟೇ.

ಅಂದರೆ ನಾವಿನ್ನೂ ಶುರುವಿನಲ್ಲೇ ಇದ್ದೇವೆ. ಅದಕ್ಕೇ ಯಾವುದು ಮೊದಲು ಅನ್ನುವ ಪ್ರಶ್ನೆಗೆ ಇಷ್ಟೊಂದು ಬೆಲೆ. ಮೊದಲ ನಾಲ್ಕೈದು ಜಾಗ ಕೈಕೊಟ್ಟರೆ ಇನ್ನು ಇಪ್ಪತ್ತು ವರ್ಷ ಯಾರೂ ಈ ಕಡೆ ತಿರುಗಿ ನೋಡುವುದಿಲ್ಲ.

ನಾನು ಬೆಂಗಳೂರಿನಲ್ಲಿ ಬಾಯ್ಲರ್ ಮತ್ತು ಹೀಟ್ ಎಕ್ಸ್‌ಚೇಂಜರ್ ಕೆಲಸ ಮಾಡುವವನು. ಭೂವಿಜ್ಞಾನಿ ಅಲ್ಲ. ಆದರೆ ಬಿಸಿಯನ್ನು ಕೊಳ್ಳುವವರು, ಮಾರುವವರು, ಸುಮ್ನೆ ಚಿಮಣಿಯಲ್ಲಿ ಬಿಟ್ಟು ಹಾಳು ಮಾಡುವವರು, ಎಲ್ಲರನ್ನೂ ದಿನಾ ನೋಡುತ್ತೇನೆ. ಆ ಕಡೆಯಿಂದ ನೋಡಿದಾಗ ನನಗೆ ಹೇಳಬೇಕೆನಿಸುವುದು ಒಂದೇ ಮಾತು. ಎಲ್ಲಿ ಜಾಸ್ತಿ ಬಿಸಿ ಇದೆ ಎಂದು ನೋಡಿ ಸಾಲು ಮಾಡಬೇಡಿ. ಆ ಬಿಸಿ ಪಕ್ಕದಲ್ಲಿ ಯಾರಿಗೆ ಬೇಕು, ಈಗ ಅವರು ಅದಕ್ಕಾಗಿ ಏನನ್ನು ಸುಡುತ್ತಿದ್ದಾರೆ, ಅದನ್ನು ನೋಡಿ ಸಾಲು ಮಾಡಿ.

ಯಾಕೆ ಅನ್ನುವುದಕ್ಕೆ ಛತ್ತೀಸಗಢದ ತಾತಾಪಾನಿಯನ್ನೇ ತೆಗೆದುಕೊಳ್ಳೋಣ. ಬಲರಾಮ್‌ಪುರ ಜಿಲ್ಲೆ, ಜಾರ್ಖಂಡ್ ಗಡಿಯ ಹತ್ತಿರ. ಜಿಎಸ್‌ಐ ಅಲ್ಲಿ ಕೊರೆದ ಐದು ಬಾವಿಗಳಿಂದ ನಿಮಿಷಕ್ಕೆ ಸುಮಾರು 1,800 ಲೀಟರ್ ನೀರು ಬರುತ್ತದೆ, ಬಿಸಿ 100 ಡಿಗ್ರಿ. ಇದರಿಂದ 300 ಕಿಲೋವ್ಯಾಟ್ ಸ್ಥಾವರ ಮಾಡಬಹುದು ಅನ್ನುವುದು ಹಳೆಯ ಲೆಕ್ಕ. ಎನ್‌ಟಿಪಿಸಿ 2013ರಲ್ಲೇ ರಾಜ್ಯದ ಜತೆ ಒಪ್ಪಂದವನ್ನೂ ಮಾಡಿಕೊಂಡಿತ್ತು.

ಈಗ ಕೈಲೆಕ್ಕ ಹಾಕಿ. ಸೆಕೆಂಡಿಗೆ 30 ಲೀಟರ್ ನೀರು. ಅದನ್ನು 100ರಿಂದ 70 ಡಿಗ್ರಿಗೆ ಇಳಿಸಿದರೆ ಸಿಗುವ ಶಾಖ ಸುಮಾರು 3,700 ಕಿಲೋವ್ಯಾಟ್. ಅದರಲ್ಲಿ ಕರೆಂಟಾಗುವುದು 300. ಉಳಿದ 3,400 ಗಾಳಿಗೋ ನೀರಿಗೋ ಹೋಗುತ್ತದೆ. ಯಂತ್ರ ಕೆಟ್ಟದ್ದು ಅಂತಲ್ಲ. 100 ಡಿಗ್ರಿ ನೀರು, 30 ಡಿಗ್ರಿ ಹೊರಗಿನ ಹವೆ, ಇವೆರಡರ ನಡುವೆ ಎಂಥ ಜಾಣ ಯಂತ್ರ ಇಟ್ಟರೂ ನೂರಕ್ಕೆ 19ರ ಮೇಲೆ ತೆಗೆಯಲು ಪ್ರಕೃತಿ ಬಿಡುವುದಿಲ್ಲ. ನಿಜವಾದ ಯಂತ್ರಗಳು ಅದರ ಅರ್ಧ ಮುಟ್ಟಿದರೆ ಪುಣ್ಯ.

ಅಲಾಸ್ಕಾದ ಚೇನಾ ಹಾಟ್ ಸ್ಪ್ರಿಂಗ್ಸ್ ಅನ್ನುವ ಜಾಗದಲ್ಲಿ 2006ರಿಂದ ಬರೀ 74 ಡಿಗ್ರಿ ನೀರಿನಲ್ಲಿ ಕರೆಂಟು ಮಾಡುತ್ತಿದ್ದಾರೆ. ಅದನ್ನು ನಮ್ಮವರೂ ಎಲ್ಲ ಕಡೆ ಉದಾಹರಣೆ ಕೊಡುತ್ತಾರೆ. ಆದರೆ ಅಲ್ಲಿ ತಣ್ಣಗೆ ಮಾಡಲು ಪಕ್ಕದಲ್ಲೇ ಮಂಜಿನಂಥ ನೀರು ಹರಿಯುತ್ತದೆ, ಅವರು ಅದಕ್ಕೂ ಮುಂಚೆ ದುಬಾರಿ ಡೀಸೆಲ್ ಜನರೇಟರ್ ಓಡಿಸುತ್ತಿದ್ದರು. ಮೇ ತಿಂಗಳ ಬಲರಾಮ್‌ಪುರದಲ್ಲಿ ಮಂಜಿನ ನೀರು ಎಲ್ಲಿಂದ ತರೋಣ?

ಅದೇ 3,700 ಕಿಲೋವ್ಯಾಟ್ ಬಿಸಿಯನ್ನು ಬಿಸಿಯಾಗಿಯೇ ಕೊಟ್ಟರೆ? ಭತ್ತ ಒಣಗಿಸಲು 40ರಿಂದ 60 ಡಿಗ್ರಿ ಗಾಳಿ ಸಾಕು. ಛತ್ತೀಸಗಢದಲ್ಲಿ ಭತ್ತಕ್ಕೇನು ಕೊರತೆ! ಕುಸುಬಲಕ್ಕಿ ಮಾಡುವ ಗಿರಣಿಗಳು ನೆನೆಸಲು, ಒಣಗಿಸಲು ಹೊಟ್ಟು ಸುಡುತ್ತವೆ. ಜತೆಗೆ ಕಾಡಿನ ಹುಟ್ಟುವಳಿ, ಮಹುವಾ ಹೂವು, ಚಾರೋಳಿ. ತಾತಾಪಾನಿಯಲ್ಲಿ ಒಂದು ಒಣಗಿಸುವ ಕೇಂದ್ರ, ಒಂದು ತಣ್ಣನೆಯ ಗೋದಾಮು ಬಂದರೆ ಅಲ್ಲಿನ ರೈತನಿಗೆ ಆಗುವ ಅನುಕೂಲ 300 ಕಿಲೋವ್ಯಾಟ್ ಕರೆಂಟಿನಿಂದ ಆಗುವುದಿಲ್ಲ. ಬಿಸಿಯಿಂದ ತಂಪು ಮಾಡುವ ಯಂತ್ರ ಈಗ ಮಾರುಕಟ್ಟೆಯಲ್ಲಿ ಸಿಗುತ್ತದೆ, ಅಪರೂಪದ್ದೇನಲ್ಲ. ಬಾವಿಗಳು ಕೊರೆದು ದಶಕಗಳಾದವು, ಅಂದರೆ ದೊಡ್ಡ ಖರ್ಚು ಆಗಿಹೋಗಿದೆ. ನನ್ನ ಪಟ್ಟಿಯಲ್ಲಿ ತಾತಾಪಾನಿ ಮೇಲಿದೆ. ಆದರೆ ವಿದ್ಯುತ್ ಸ್ಥಾವರವಾಗಿ ಅಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ಹೆಸರು ಲಡಾಖ್‌ನ ಪುಗಾ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಬುಗ್ಗೆಯ ನೀರಿನ ತಾಪವನ್ನಷ್ಟೇ ನೋಡಿ ಸಾಲು ಮಾಡಿದರೆ ಪುಗಾ ಹಿಂದೆ ಬೀಳುತ್ತದೆ. ಅಲ್ಲಿನ ಬುಗ್ಗೆಗಳು 84 ಡಿಗ್ರಿ, ತಾತಾಪಾನಿ ಮತ್ತು ಹಿಮಾಚಲದ ಮಣಿಕರಣದ್ದು 90ರ ಮೇಲೆ. ಆದರೆ ಪುಗಾ ಇರುವುದು ಸುಮಾರು 4,400 ಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ನೀರು ಕುದಿಯುವುದೇ 85 ಡಿಗ್ರಿ ಆಸುಪಾಸಿನಲ್ಲಿ. ಅಂದರೆ ಆ 84 ಡಿಗ್ರಿ ನೀರು ಇನ್ನೇನು ಕುದಿಯುವ ನೀರು. ಒಳಗಿನ ಬಿಸಿ ಎಷ್ಟೆಂದು ತಿಳಿಯಲು ನೀರಿನಲ್ಲಿ ಕರಗಿದ ಸಿಲಿಕಾ ಅಳೆಯುತ್ತಾರೆ. ಕೆಳಗೆ ಬಿಸಿ ಜಾಸ್ತಿ ಇದ್ದಷ್ಟೂ ಸಿಲಿಕಾ ಜಾಸ್ತಿ ಕರಗುತ್ತದೆ. ಇಂಥ ರಾಸಾಯನಿಕ ಲೆಕ್ಕಗಳ ಪ್ರಕಾರ ಪುಗಾದ ತಳದಲ್ಲಿ 200 ಡಿಗ್ರಿಗೂ ಜಾಸ್ತಿ ಇದೆ. ದೇಶದಲ್ಲಿ ಕರೆಂಟಿಗೆ ಅಂತ ಒಂದೇ ಜಾಗ ಆರಿಸಿ ಅಂದರೆ ಪುಗಾವನ್ನೇ ಆರಿಸಬೇಕು, ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರುವುದು ಆತುರದ ಬಗ್ಗೆ.

1970ರ ದಶಕದಿಂದ ಪುಗಾದಲ್ಲಿ ಜಿಎಸ್‌ಐ 34 ಬೋರು ಕೊರೆದಿದೆ. ಅತಿ ಆಳದ್ದು 385 ಮೀಟರ್ ಹತ್ತಿರ. ಅಡಿಯಲ್ಲಿ ಹೇಳಿದರೆ 1,260. ಕೋಲಾರದ ಟೊಮೆಟೊ ಬೆಳೆಗಾರ ಸಾಲ ಮಾಡಿ ಕೊರೆಸುವ ಬೋರ್‌ವೆಲ್ ಇದಕ್ಕಿಂತ ಆಳಕ್ಕೆ ಹೋಗುತ್ತದೆ! ಅಂದರೆ ದೇಶದ ಅತ್ಯುತ್ತಮ ತಾಣದ ಕೆಳಗೆ ಏನಿದೆ ಎಂದು ಅಷ್ಟು ವರ್ಷ ನಾವು ಸರಿಯಾಗಿ ಇಣುಕಿಯೇ ನೋಡಲಿಲ್ಲ. 2021ರ ಫೆಬ್ರುವರಿಯಲ್ಲಿ ಒಎನ್‌ಜಿಸಿಯ ಇಂಧನ ಕೇಂದ್ರ, ಲಡಾಖ್ ಆಡಳಿತ ಮತ್ತು ಲೇಹ್ ಬೆಟ್ಟ ಮಂಡಳಿ ಒಪ್ಪಂದಕ್ಕೆ ಸಹಿ ಹಾಕಿದವು. ಮೊದಲ ಹಂತದಲ್ಲಿ 1 ಮೆಗಾವ್ಯಾಟ್. 2022ರ ಆಗಸ್ಟ್‌ನಲ್ಲಿ ಕೊರೆಯುವಾಗ ಒತ್ತಡದಿಂದ ಬಿಸಿನೀರು ಮೇಲಕ್ಕೆ ಉಕ್ಕಿ ಪುಗಾ ಹಳ್ಳಕ್ಕೆ ಸೇರಿತು. ಊರವರು ಆಕ್ಷೇಪಿಸಿದರು, ಕೆಲಸ ನಿಂತಿತು.

ಕೊರೆಯುವಾಗ ನೀರು ಉಕ್ಕುವುದು ಈ ಕೆಲಸದಲ್ಲಿ ಆಗುವಂಥದ್ದೇ. ಆದರೆ ಉಕ್ಕಿದ್ದನ್ನು ಹಿಡಿದಿಡುವ ಹೊಂಡ ಮೊದಲೇ ಸಿದ್ಧವಾಗಿರಬೇಕು. ಪುಗಾದ ನೀರಿನಲ್ಲಿ ಬೋರಾನ್ ಇದೆ. ಅಲ್ಲಿನ ಬೊರಾಕ್ಸ್ ಹಿಂದಿನಿಂದಲೂ ಹೆಸರಾದದ್ದು. ಬೋರಾನ್ ಸ್ವಲ್ಪ ಇದ್ದರೆ ಗಿಡಕ್ಕೆ ಬೇಕು, ಜಾಸ್ತಿಯಾದರೆ ಎಲೆ ಅಂಚಿನಿಂದ ಸುಟ್ಟಂತಾಗುತ್ತದೆ. ಟರ್ಕಿಯ ಮೆಂಡೆರೆಸ್ ನದಿ ಬಯಲಿನಲ್ಲಿ ಬಳಸಿದ ಬಿಸಿನೀರನ್ನು ವರ್ಷಗಟ್ಟಲೆ ನದಿಗೆ ಬಿಟ್ಟು, ಬೋರಾನ್ ತುಂಬಿದ ನೀರು ಹೊಲಗಳಿಗೆ ಹೋಗಿ ರೈತರು ಅನುಭವಿಸಿದ್ದಾರೆ. ಪುಗಾ ಬಯಲಿನ ಹುಲ್ಲನ್ನು ಮೇಯುವುದು ಅಲೆಮಾರಿ ಚಾಂಗ್‌ಪಾ ಜನರ ಪಶ್ಮಿನಾ ಆಡುಗಳು. ಆ ಜೌಗಿನಲ್ಲಿ ಕಪ್ಪು ಕತ್ತಿನ ಕೊಕ್ಕರೆ ಮರಿ ಮಾಡುತ್ತದೆ. ನೀರು ಕೆಟ್ಟರೆ ಅವರಿಗೆ ಬೇರೆ ಬಯಲಿಲ್ಲ.

ಆದ್ದರಿಂದ ಪುಗಾಕ್ಕೆ ಒಂದೇ ಷರತ್ತು ಹಾಕಿ. ನೀರು ಮೇಲೆತ್ತುವ ಬಾವಿಯ ಜತೆಗೇ ಅದನ್ನು ಕೆಳಕ್ಕೆ ತುಂಬುವ ಬಾವಿಯೂ ಸಿದ್ಧವಾಗಬೇಕು. ಅದು ಸಿದ್ಧವಾಗುವವರೆಗೆ ಒಂದು ಯೂನಿಟ್ ಕರೆಂಟೂ ಬೇಡ. ಹೀಗೆ ಮಾಡುವುದರಿಂದ ಒಳಗಿನ ಒತ್ತಡವೂ ಉಳಿಯುತ್ತದೆ, ಬಾವಿಯ ಆಯುಷ್ಯವೂ ಹೆಚ್ಚುತ್ತದೆ. ಪುಣ್ಯದ ಕೆಲಸ ಅಂತಲ್ಲ, ವ್ಯಾಪಾರಕ್ಕೂ ಒಳ್ಳೆಯದು.

ಇನ್ನೊಂದು ವಿಷಯ. ಪುಗಾದಿಂದ ಬಹಳ ದೂರವಲ್ಲದ ಪಾಂಗ್‌ನಲ್ಲಿ ನಿಮ್ಮದೇ ಸಚಿವಾಲಯದ 13,000 ಮೆಗಾವ್ಯಾಟ್‌ನ ಬಿಸಿಲು-ಗಾಳಿ ಕರೆಂಟಿನ ಯೋಜನೆ ಇದೆ. ಅದರ ಲೈನಿಗೆ ಕೇಂದ್ರ ಸಂಪುಟ 2023ರ ಅಕ್ಟೋಬರ್‌ನಲ್ಲಿ 20,773 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದರ ಪಕ್ಕದಲ್ಲಿ ಪುಗಾದ 1 ಮೆಗಾವ್ಯಾಟ್ ಏನು ಲೆಕ್ಕ? ಜಿಯೋಥರ್ಮಲ್ ಕರೆಂಟು ರಾತ್ರಿಯೂ ಬರುತ್ತದೆ, ಮೋಡ ಬಿದ್ದರೂ ಬರುತ್ತದೆ, ಅದು ಅದರ ದೊಡ್ಡ ಗುಣ. ಒಪ್ಪುತ್ತೇನೆ. ಆದರೆ ಲಡಾಖ್‌ನಲ್ಲಿ ಚಳಿಗಾಲದ ರಾತ್ರಿ ಜನಕ್ಕೆ ಮೊದಲು ಬೇಕಾದ್ದು ಬೆಳಕಲ್ಲ, ಬಿಸಿ. ಮೈನಸ್ 20ರಲ್ಲಿ ಬುಖಾರಿಯಲ್ಲಿ, ಅಂದರೆ ಮನೆ ಬೆಚ್ಚಗಿಡುವ ಒಲೆಯಲ್ಲಿ, ಸಗಣಿ, ಸೌದೆ, ಸೀಮೆಎಣ್ಣೆ ಸುಡುತ್ತಾರೆ. ಸೈನ್ಯದ ನೆಲೆಗಳಿಗೆ ಆ ಸೀಮೆಎಣ್ಣೆ ಸಾವಿರಾರು ಅಡಿ ಎತ್ತರದ ಕಣಿವೆದಾರಿಗಳನ್ನು ದಾಟಿ ಲಾರಿಯಲ್ಲಿ ಬರುತ್ತದೆ. ಅಲ್ಲಿ ಬಿಸಿನೀರು ಉಳಿಸುವ ಒಂದೊಂದು ಲೀಟರ್ ಸೀಮೆಎಣ್ಣೆಯ ಬೆಲೆ ಬೆಂಗಳೂರಿನ ಬಂಕಿನ ದರದಲ್ಲಿ ಲೆಕ್ಕ ಹಾಕುವಂಥದ್ದಲ್ಲ.

ಹಾಗಾಗಿ ಲಡಾಖ್‌ನಲ್ಲಿ ನನ್ನ ಮೊದಲ ಮತ ಚುಮಥಂಗ್‌ಗೆ. ಪುಗಾದಿಂದ ಉತ್ತರಕ್ಕೆ, ಸಿಂಧೂ ನದಿಯ ದಂಡೆಯಲ್ಲೇ ಇರುವ ಊರು. ಲೇಹ್‌ನಿಂದ ನ್ಯೋಮಾ ಕಡೆಗೆ ಹೋಗುವ ರಸ್ತೆ ಅಲ್ಲೇ ಹಾಯುತ್ತದೆ. ನದಿ ಪಕ್ಕದಲ್ಲಿ ಬಿಸಿ ಬುಗ್ಗೆಗಳಿವೆ, ಮೇಲೆ ಮನೆ, ಹೋಟೆಲು ಇವೆ. ನಾರ್ವೆಯ ಸಂಸ್ಥೆಯೊಂದರ ನೆರವಿನಿಂದ ಅಲ್ಲಿ ಒಂದು ಹೋಟೆಲನ್ನು ಬೆಚ್ಚಗೆ ಮಾಡುವ ಪ್ರಯೋಗವೂ ಆಗಿದೆ. ಬಿಸಿನೀರನ್ನು ತುಂಬಾ ದೂರ ಒಯ್ಯಲು ಆಗುವುದಿಲ್ಲ, ಪೈಪಿನ ಖರ್ಚೇ ತಿಂದುಹಾಕುತ್ತದೆ. ಬಿಸಿ ಇರುವಲ್ಲೇ ಜನ ಇರಬೇಕು. ಚುಮಥಂಗ್‌ನಲ್ಲಿ ಇದ್ದಾರೆ. ಪುಗಾದಲ್ಲಿ ಹೆಚ್ಚಿಲ್ಲ. ಆದರೂ ಅಲ್ಲಿ ಅಲೆಮಾರಿ ಮಕ್ಕಳಿಗೆಂದು ಒಂದು ವಸತಿ ಶಾಲೆ ಇದೆ. ಅದೇ ಬಯಲಿನಲ್ಲಿ ಹಿಂದೆಯೇ ಜಿಎಸ್‌ಐನವರು ಒಂದು ಗುಡಿಸಲನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ ತೋರಿಸಿದ್ದರು. ಗುಡಿಸಲಿಗೆ ಆದದ್ದು ಶಾಲೆಯ ಮಲಗುವ ಕೋಣೆಗಳಿಗೆ ಯಾಕೆ ಆಗಬಾರದು? ಮೆಗಾವ್ಯಾಟ್‌ಗೆ ಕಾಯಬೇಕಾಗಿಲ್ಲವಲ್ಲ.

ಪೈಪಿನ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಬೋರ್‌ವೆಲ್ ನೀರು ಬರುವ ಬೆಂಗಳೂರಿನ ಮನೆಯಲ್ಲಿ ಎರಡು ವರ್ಷ ಬಳಸಿದ ಗೀಸರ್ ಬಿಚ್ಚಿ ನೋಡಿ. ಕಾಯಿಲ್ ಮೇಲೆ ಬೆರಳು ದಪ್ಪಕ್ಕೆ ಬಿಳಿ ಕಲ್ಲು ಕಟ್ಟಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದರ ಅಡಿಯಲ್ಲಿ ತಾಮ್ರ ಕಪ್ಪಾಗಿರುತ್ತದೆ. ಭೂಮಿಯೊಳಗಿಂದ ಬರುವ ಬಿಸಿನೀರು ಅದಕ್ಕಿಂತ ಹತ್ತು ಪಟ್ಟು ಹಟಮಾರಿ. ತಣ್ಣಗಾಗುತ್ತಿದ್ದಂತೆ ಸಿಲಿಕಾ, ಒತ್ತಡ ಇಳಿಯುತ್ತಿದ್ದಂತೆ ಸುಣ್ಣ, ಎರಡೂ ಪೈಪಿನ ಒಳಗೋಡೆಗೆ ಹತ್ತುತ್ತವೆ. ಆದ್ದರಿಂದ ಬುಗ್ಗೆಯ ನೀರನ್ನು ನೇರವಾಗಿ ಮನೆಯ ಪೈಪಿಗೆ ಬಿಡುವ ಯೋಜನೆ ಯಾರಾದರೂ ತಂದರೆ ವಾಪಸ್ ಕಳಿಸಿ. ನಡುವೆ ಹೀಟ್ ಎಕ್ಸ್‌ಚೇಂಜರ್ ಇರಬೇಕು, ಅದನ್ನು ಬಿಚ್ಚಿ ತೊಳೆಯಲು ಬರುವ ಹುಡುಗ ಅದೇ ಊರಲ್ಲಿ ಇರಬೇಕು. ಲೇಹ್‌ನಿಂದ ಮೆಕ್ಯಾನಿಕ್ ಬರಲಿ ಎಂದು ಜನವರಿಯಲ್ಲಿ ಕಾಯುತ್ತಾ ಕೂರಲಾಗದು. ಜಾಗ ಆರಿಸುವಾಗ ಇದನ್ನೂ ಒಂದು ಅಂಕವಾಗಿ ಲೆಕ್ಕ ಹಾಕಿ.

ಗುಜರಾತ್ ಬಗ್ಗೆ ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅಲ್ಲಿ ಹಿಮ ಇಲ್ಲ, ಉಕ್ಕುವ ಬುಗ್ಗೆಯ ಚಂದದ ಫೋಟೋ ಇಲ್ಲ. ಆದರೆ ಕ್ಯಾಂಬೆ ಜಲಾನಯನದಲ್ಲಿ, ಅಂದರೆ ಮೆಹಸಾಣಾದಿಂದ ಖೇಡಾ, ಆಣಂದ್, ಭರೂಚ್‌ವರೆಗಿನ ಎಣ್ಣೆ ಪ್ರದೇಶದಲ್ಲಿ, ಆಳಕ್ಕೆ ಹೋದಂತೆ ಕಿಲೋಮೀಟರಿಗೆ 40 ಡಿಗ್ರಿಗೂ ಜಾಸ್ತಿ ಬಿಸಿ ಏರುತ್ತದೆ. ಸಾಮಾನ್ಯ ನೆಲದಲ್ಲಿ ಅದು 25ರಿಂದ 30. ಅಲ್ಲಿ ಎರಡು ಕಿಲೋಮೀಟರ್ ಕೆಳಗೆ ನೀರು 100 ಡಿಗ್ರಿ ದಾಟಿರುತ್ತದೆ. ಮತ್ತು ಅಲ್ಲಿಗೆ ಬಾವಿ ಈಗಾಗಲೇ ಇದೆ! ಎಣ್ಣೆ ಬತ್ತಿದ ಬಾವಿಗಳು, ಎಣ್ಣೆಗಿಂತ ನೀರೇ ಜಾಸ್ತಿ ಕೊಡುವ ಬಾವಿಗಳು. ಜಿಯೋಥರ್ಮಲ್‌ನಲ್ಲಿ ಖರ್ಚಿನ ದೊಡ್ಡ ಪಾಲು, ಅಪಾಯದ ಇನ್ನೂ ದೊಡ್ಡ ಪಾಲು, ಕೊರೆಯುವುದರಲ್ಲೇ ಇದೆ. ಇಲ್ಲಿ ಅದು ಮುಗಿದಿದೆ.

ಈಗ ಮೇಲೆ ನೋಡಿ, ಅದೇ ನೆಲದ ಮೇಲೆ ಏನಿದೆ? ಡೇರಿಗಳು. ಮೆಹಸಾಣಾ ಮತ್ತು ಆಣಂದ್ ದೇಶದ ಹಾಲಿನ ಎರಡು ದೊಡ್ಡ ಊರುಗಳು. ಹಾಲನ್ನು ಪಾಶ್ಚರೀಕರಿಸಲು 72 ಡಿಗ್ರಿ, 15 ಸೆಕೆಂಡು. ಕ್ಯಾನ್ ತೊಳೆಯಲು, ಟ್ಯಾಂಕ್ ತೊಳೆಯಲು ದಿನವಿಡೀ ಬಿಸಿನೀರು. ಇದಕ್ಕೆಲ್ಲ ಬಾಯ್ಲರ್‌ನಲ್ಲಿ ಗ್ಯಾಸೋ ಕಲ್ಲಿದ್ದಲೋ ಉರಿಸಿ ಹಬೆ ಮಾಡಿ, ಆ ಹಬೆಯಿಂದ ನೀರು ಕಾಯಿಸಿ, ಆ ನೀರಿನಿಂದ ಹಾಲು ಕಾಯಿಸುತ್ತಾರೆ. ಬಾಯ್ಲರ್ ಮಾರುವವನಾದ ನಾನೇ ಹೇಳುತ್ತೇನೆ, 72 ಡಿಗ್ರಿಗೆ ಸಾವಿರ ಡಿಗ್ರಿಯ ಬೆಂಕಿ ದಂಡ. ಡೇರಿಯ ಗೋಡೆಯಿಂದ ಒಂದೆರಡು ಕಿಲೋಮೀಟರ್ ಒಳಗೆ ಎಣ್ಣೆ ಬಾವಿ ಇರುವ ಕಡೆಗಳನ್ನು ನಕ್ಷೆಯಲ್ಲಿ ಗುರುತಿಸಿ. ಒಎನ್‌ಜಿಸಿಯ ಬಾವಿ ನಕ್ಷೆಯನ್ನೂ ಡೇರಿ ಒಕ್ಕೂಟಗಳ ಘಟಕಗಳ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟರೆ ಒಂದು ವಾರದಲ್ಲಿ ಆಗುವ ಕೆಲಸ ಇದು. ಸುದ್ದಿಯಾಗುವುದಿಲ್ಲ, ರಿಬ್ಬನ್ ಕತ್ತರಿಸಲು ಚಂದವೂ ಇರುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಹಾಕಿದ ದುಡ್ಡು ಬೇಗ ವಾಪಸ್ ಬರುವುದು ಇಂಥಲ್ಲೇ.

ಅರುಣಾಚಲದ ದಿರಾಂಗ್‌ನಲ್ಲಿ 2025ರಲ್ಲಿ ಕೊರೆದ ಬಾವಿಯ ಬಗ್ಗೆ ಓದಿ ಖುಷಿಯಾಯಿತು. ಅಲ್ಲಿನವರು ಶುರುವಿನಿಂದಲೇ ಹಣ್ಣು ಒಣಗಿಸುವುದು, ಗೋದಾಮು ತಣ್ಣಗಿಡುವುದು, ಮನೆ ಬೆಚ್ಚಗೆ ಮಾಡುವುದು ಎಂದು ಯೋಚಿಸಿದ್ದಾರೆ. ದಾರಿ ಸರಿಯಿದೆ, ದುಡ್ಡು ನಿಲ್ಲಿಸಬೇಡಿ. ಕೊಂಕಣದ ಬುಗ್ಗೆಗಳನ್ನೂ ಮರೆಯಬೇಡಿ. ರತ್ನಾಗಿರಿ, ರಾಯಗಡ ಕಡೆ 50, 60, 70 ಡಿಗ್ರಿ ನೀರು ಸುಮ್ನೆ ಹೊಳೆಗೆ ಹರಿದುಹೋಗುತ್ತದೆ. ಅಲ್ಲೇ ಗೇರುಬೀಜ, ಪುನರ್ಪುಳಿ, ಮಾವು. ಮಳೆಗಾಲದಲ್ಲಿ ಏನನ್ನಾದರೂ ಒಣಗಿಸುವುದು ಎಂಥ ಪಾಡು ಅನ್ನುವುದು ಅಡಿಕೆ ಬೆಳೆದ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮೊದಲು ಮಾಡುವ ಪಟ್ಟಿ ಆಯಿತು. ಇದಕ್ಕಿಂತ ಮುಖ್ಯವಾದದ್ದು ಮುಟ್ಟಬಾರದ ಪಟ್ಟಿ. ಅದರಲ್ಲಿ ಮೊದಲ ಹೆಸರು ಮಣಿಕರಣ.

ಕಸೋಲ್‌ಗೆ ಹೋಗಿಬರುವ ನಮ್ಮ ಬೆಂಗಳೂರಿನ ಹುಡುಗರು ಅಲ್ಲಿಗೂ ಹೋಗಿರುತ್ತಾರೆ. ಪಾರ್ವತಿ ಹೊಳೆಯ ಪಕ್ಕದಲ್ಲಿ ಗುರುದ್ವಾರ. ಲಂಗರಿನ ಅನ್ನ, ಬೇಳೆ ಬೇಯುವುದು ಬುಗ್ಗೆಯಲ್ಲೇ. ದೊಡ್ಡ ದೊಡ್ಡ ಪಾತ್ರೆಗಳನ್ನು ಕುದಿಯುವ ನೀರಿಗೆ ಇಳಿಬಿಡುತ್ತಾರೆ. ಬಂದವರು ಪುಟ್ಟ ಬಟ್ಟೆ ಗಂಟಿನಲ್ಲಿ ಹಿಡಿ ಅಕ್ಕಿ ಕಟ್ಟಿ, ದಾರ ಹಿಡಿದು ನೀರಿಗೆ ಬಿಟ್ಟು, ಬೆಂದ ಮೇಲೆ ಪ್ರಸಾದ ಅಂತ ಒಯ್ಯುತ್ತಾರೆ. ಯೋಚಿಸಿ ನೋಡಿ, ಇದು ದೇಶದಲ್ಲೇ ಅತ್ಯಂತ ಚೆನ್ನಾಗಿ ನಡೆಯುತ್ತಿರುವ ಜಿಯೋಥರ್ಮಲ್ ಯೋಜನೆ. ಇಂಧನದ ಖರ್ಚಿಲ್ಲ, ಯಂತ್ರ ಇಲ್ಲ, ಸಬ್ಸಿಡಿ ಇಲ್ಲ, ಎಷ್ಟೋ ಸಾವಿರ ಜನಕ್ಕೆ ಊಟ.

ಕರೆಂಟಿನ ಪ್ರಯತ್ನವೂ ಅಲ್ಲಿ ಆಗಿದೆ, ಅದೂ ನಮ್ಮ ಬೆಂಗಳೂರಿನಿಂದಲೇ. ಎಚ್‌ಎಎಲ್ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎನ್‌ಎಎಲ್ ಪ್ರಯೋಗಾಲಯದವರು ಮಣಿಕರಣದಲ್ಲಿ 5 ಕಿಲೋವ್ಯಾಟ್‌ನ ಪ್ರಾಯೋಗಿಕ ಸ್ಥಾವರ ಓಡಿಸಿದ್ದರು. ಆರ್-113 ಅನ್ನುವ ದ್ರವ 47–48 ಡಿಗ್ರಿಗೇ ಕುದಿಯುತ್ತದೆ. ಬುಗ್ಗೆಯ ಬಿಸಿಯಿಂದ ಅದನ್ನು ಆವಿ ಮಾಡಿ ಟರ್ಬೈನ್ ತಿರುಗಿಸಿದರು. ಓಝೋನ್ ಪದರಕ್ಕೆ ಹಾನಿ ಎಂದು ಆಮೇಲೆ ಜಗತ್ತೇ ಕೈಬಿಟ್ಟ ದ್ರವ ಅದು, ಆಗ ಅದೇ ರೂಢಿ. ತಂತ್ರಜ್ಞಾನ ನಮ್ಮಿಂದ ಆಗುತ್ತದೆ ಎಂದು ಅವರು ಆಗಲೇ ತೋರಿಸಿದರು. ಅಷ್ಟು ಸಾಕು. ಇನ್ನು ಮಣಿಕರಣದಲ್ಲಿ ಮೆಗಾವ್ಯಾಟ್ ಹುಡುಕುವುದು ಬೇಡ.

ಇದು ಬರೀ ಭಕ್ತಿಯ ಮಾತಲ್ಲ. ನ್ಯೂಜಿಲೆಂಡ್‌ನ ವಾಯಿರಾಕೆಯಲ್ಲಿ 1958ರಲ್ಲಿ ವಿದ್ಯುತ್ ಸ್ಥಾವರ ಶುರುವಾದ ಮೇಲೆ ಪಕ್ಕದ ಗೀಸರ್ ಕಣಿವೆಯ ಚಿಲುಮೆಗಳು ಒಂದೊಂದಾಗಿ ಸತ್ತವು. ಕೆಳಗಿನ ಒತ್ತಡ ಇಳಿದರೆ ಮೇಲಿನ ಬುಗ್ಗೆ ಬತ್ತಲೇಬೇಕು. ಅದೇ ದೇಶದ ರೊಟೊರುವಾದಲ್ಲಿ ಊರವರೆಲ್ಲ ಮನೆಮನೆಗೆ ಬಿಸಿನೀರಿನ ಬೋರು ಹಾಕಿಸಿಕೊಂಡು ಹೆಸರಾಂತ ಪೊಹುಟು ಚಿಲುಮೆ ಸೊರಗತೊಡಗಿತು. 1986ರಲ್ಲಿ ಸರ್ಕಾರ ಅದರ ಸುತ್ತ ಒಂದೂವರೆ ಕಿಲೋಮೀಟರ್ ಒಳಗಿನ ಬೋರುಗಳನ್ನು ಮುಚ್ಚಿಸಲು ಹೊರಟಿತು. ಜನ ಬೈದರು, ಆದರೆ ಚಿಲುಮೆಗಳು ಚೇತರಿಸಿಕೊಂಡವು. ಆಮೇಲೆ ಅಲ್ಲಿನ ವಾಯ್ಕಾಟೊ ಪ್ರಾಂತ್ಯ ತನ್ನ ಬಿಸಿ ತಾಣಗಳನ್ನೆಲ್ಲ ಗುಂಪು ಮಾಡಿತು. ಇವು ಅಭಿವೃದ್ಧಿಗೆ, ಇವು ಮಿತವಾಗಿ, ಇವು ಸಂಶೋಧನೆಗೆ, ಇವನ್ನು ಮುಟ್ಟುವಂತಿಲ್ಲ. ವಾಯಿರಾಕೆ ಮೊದಲ ಗುಂಪಿನಲ್ಲಿ, ಒರಾಕೆ ಕೊರಾಕೊ ಕೊನೆಯದರಲ್ಲಿ. ಐಸ್‌ಲ್ಯಾಂಡ್ ಕೂಡ 1999ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಹೀಗೇ ಮೂರು ಗುಂಪು ಮಾಡಿಕೊಂಡಿದೆ, ಕೊನೆಯ ತೀರ್ಮಾನ ಸಂಸತ್ತಿನದು. ಬಳಸಬಹುದು, ಕಾಯಬೇಕು, ಕಾಪಾಡಬೇಕು. ಮನೆಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಭೂಶಾಖದಿಂದ ಬೆಚ್ಚಗಿಡುವ ದೇಶವೇ ಕೆಲವು ಕಡೆ ಕೈಯಿಡುವುದಿಲ್ಲ ಅಂದರೆ ಅದರಲ್ಲಿ ಏನೋ ಲೆಕ್ಕ ಇದೆ, ಅಲ್ವಾ?

ನಮ್ಮ ಕಾಪಾಡುವ ಗುಂಪಿಗೆ ಮಣಿಕರಣ, ಬಿಹಾರದ ರಾಜಗಿರ್, ಬಂಗಾಳದ ಬಕ್ರೇಶ್ವರ ಸೇರಲಿ. ಬಕ್ರೇಶ್ವರದ ಬುಗ್ಗೆಯಲ್ಲಿ ಹೀಲಿಯಂ ಬರುತ್ತದೆ, ಅದನ್ನು ಸಂಗ್ರಹಿಸುವ ಪ್ರಯೋಗಾಲಯವೇ ಅಲ್ಲಿತ್ತು. ಆ ಅಧ್ಯಯನ ಮುಂದುವರಿಯಲಿ, ಕರೆಂಟು ಬೇಡ. ಕಾಯುವ ಗುಂಪಿಗೆ ಉತ್ತರಾಖಂಡದ ತಪೋವನ. ನೀರು 90 ಡಿಗ್ರಿ ಇರಬಹುದು. ಆದರೆ 2021ರ ಪ್ರವಾಹ, 2023ರಲ್ಲಿ ಪಕ್ಕದ ಜೋಶಿಮಠದ ಮನೆಗಳು ಬಿರುಕು ಬಿಟ್ಟದ್ದು ಇನ್ನೂ ಕಣ್ಣಮುಂದಿದೆ. ಆ ಬೆಟ್ಟಕ್ಕೆ ಇನ್ನೊಂದು ರಿಗ್ ಒಯ್ಯುವ ಮೊದಲು ಹತ್ತು ಸಲ ಯೋಚಿಸಿ. ಬಂಡೆಯನ್ನು ನೀರಿನ ಒತ್ತಡದಿಂದ ಸೀಳುವ ಹೊಸ ವಿಧಾನವನ್ನಂತೂ ಹಿಮಾಲಯದಲ್ಲಿ ಸದ್ಯಕ್ಕೆ ಬೇಡವೇ ಬೇಡ ಎಂದು ಬರೆದುಬಿಡಿ. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 2017ರ ಭೂಕಂಪಕ್ಕೆ ಅಂಥದ್ದೇ ಯೋಜನೆ ಕಾರಣ ಎಂದು ಅಲ್ಲಿನ ಸರ್ಕಾರದ ತನಿಖೆಯೇ ಹೇಳಿತು.

ದುಡ್ಡಿನ ಬಗ್ಗೆ ಒಂದು ಮಾತು. ಬಾವಿ ಕೊರೆದು ಬಿಸಿ ಸಿಗದಿದ್ದರೆ ನಷ್ಟ ಯಾರದು? ಈ ಭಯಕ್ಕೇ ಖಾಸಗಿಯವರು ಹತ್ತಿರ ಬರುವುದಿಲ್ಲ. ಕೀನ್ಯಾ ಇದಕ್ಕೆ ಒಂದು ಉಪಾಯ ಮಾಡಿತು. 2008ರಲ್ಲಿ ಒಂದು ಸರ್ಕಾರಿ ಕಂಪನಿ ಕಟ್ಟಿ, ಕೊರೆಯುವ ಅಪಾಯವನ್ನು ಅದರ ತಲೆಗೆ ಹಾಕಿತು. ಹಬೆ ಸಿಕ್ಕ ಮೇಲೆ ಸ್ಥಾವರ ಕಟ್ಟುವವರು ಬರಲಿ ಅಂತ. 1981ರಲ್ಲಿ ಒಲ್ಕಾರಿಯಾದಲ್ಲಿ 15 ಮೆಗಾವ್ಯಾಟ್‌ನಿಂದ ಶುರು ಮಾಡಿದ ದೇಶ ಇವತ್ತು ತನ್ನ ಕರೆಂಟಿನ ಹೆಚ್ಚುಕಡಿಮೆ ಅರ್ಧವನ್ನು ಭೂಮಿಯೊಳಗಿಂದ ತೆಗೆಯುತ್ತದೆ. ಆದರೆ ಅದೇ ಒಲ್ಕಾರಿಯಾದಲ್ಲಿ ಮಸಾಯಿ ಕುಟುಂಬಗಳನ್ನು ಎಬ್ಬಿಸಿ ಬೇರೆಡೆ ಕೂರಿಸಿದ ಜಗಳ ಇನ್ನೂ ಪೂರ್ತಿ ಆರಿಲ್ಲ. ಅವರ ದುಡ್ಡಿನ ಉಪಾಯ ಎರವಲು ತರೋಣ, ಎಬ್ಬಿಸುವ ಬುದ್ಧಿ ಬೇಡ. ಚಾಂಗ್‌ಪಾ ಜನರೂ ಮಸಾಯಿಗಳಂತೆ ಮೇವು ಅರಸಿ ತಿರುಗುವವರು. ಪಹಣಿ ಇಲ್ಲದ ನೆಲ ಎಂದರೆ ಯಾರದ್ದೂ ಅಲ್ಲದ ನೆಲ ಎಂದು ಕಡತದಲ್ಲಿ ಬರೆಯುವುದು ಸುಲಭ.

ಕರ್ನಾಟಕಕ್ಕೆ ಏನು ಬೇಕು ಎಂದು ನೀವು ಕೇಳಬಹುದು. ಏನೂ ಬೇಡ. ನಮ್ಮ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥ ಮೈಗೆ ಹಿತವಾದ ಬಿಸಿ, 40 ಡಿಗ್ರಿ ಆಸುಪಾಸು. ಮಿಂದು ಬರಲು ಚೆನ್ನ, ಟರ್ಬೈನ್ ತಿರುಗದು. ಪಾವಗಡದ ಬಿಸಿಲು ನಮಗೆ ಸಾಕು. ಸುತ್ತ ಬೋರ್‌ವೆಲ್ ಕೊರೆದು ಕೊರೆದು ಆ ತೀರ್ಥ ಬತ್ತದಂತೆ ರಾಜ್ಯ ಸರ್ಕಾರ ನೋಡಿಕೊಂಡರೆ ಅಷ್ಟೇ ದೊಡ್ಡದು. ಅದು ನಿಮಗಲ್ಲ, ಬೆಂಗಳೂರಿನವರಿಗೆ ಹೇಳಬೇಕಾದ ಮಾತು.

ನಿಮ್ಮಲ್ಲಿ ಕೇಳುವುದು ಇಷ್ಟು. 381 ತಾಣಗಳಿಗೂ ಅಂಕ ಕೊಡಿ. ಒಳಗಿನ ಬಿಸಿಗೆ ಎಷ್ಟು ಅಂಕ, ಪಕ್ಕದ ಗಿರಾಕಿಗೆ ಎಷ್ಟು, ಉಳಿಯುವ ಡೀಸೆಲ್‌ಗೆ ಎಷ್ಟು, ನೀರು ವಾಪಸ್ ತುಂಬುವ ಅನುಕೂಲಕ್ಕೆ ಎಷ್ಟು, ಊರವರ ಒಪ್ಪಿಗೆಗೆ ಎಷ್ಟು ಅನ್ನುವುದನ್ನು ಪಟ್ಟಿಯ ಜತೆಗೇ ಪ್ರಕಟಿಸಿ. ಪ್ರಕಟಿಸುವ ಮೊದಲು ಆಯಾ ಊರಿನ ಸಭೆಯಲ್ಲಿ ಅವರ ಮಾತಿನಲ್ಲೇ ಓದಿ ಹೇಳಲಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಯಾವ ಬುಗ್ಗೆ ಯಾವ ತಿಂಗಳಲ್ಲಿ ಸೊರಗುತ್ತದೆ ಅನ್ನುವುದು ಅಟ್ಲಾಸ್‌ಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಮತ್ತೆ, ಪುಗಾ, ಚುಮಥಂಗ್ ಇರುವ ಚಾಂಗ್‌ಥಂಗ್ ಪ್ರಸ್ಥಭೂಮಿಯಲ್ಲಿ ಹೊರಗೆ ನಿಂತು ಕೆಲಸ ಮಾಡಲು ಸಿಗುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಚುಮಥಂಗ್ ಮನೆಗಳ ಮತ್ತು ಪುಗಾ ಶಾಲೆಯ ಟೆಂಡರ್ ಮಾರ್ಚ್ ಒಳಗೆ ಮುಗಿದರೆ ಜೂನ್‌ನಲ್ಲಿ ಪೈಪು ಹಾಕಬಹುದು. ಜುಲೈಗೆ ಹೋಯಿತೆಂದರೆ ಇನ್ನೊಂದು ಚಳಿಗಾಲ ಸೀಮೆಎಣ್ಣೆಯಲ್ಲೇ ಕಳೆಯಬೇಕು.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಬಾಯ್ಲರ್ ಕೆಲಸದವನು